ಹೆಸರು ಹೇಳಬಾರದವರ ಸಂಕ

ನಾನು ಡಾಕ್ಟರಲ್ಲ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನ ಜನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನನ್ನು ದನದ ಡಾಕ್ಟ್ರು ಎಂದೇ ಕರೆದರು. ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರ ಕೈಕೆಳಗಿನ ಪರೀಕ್ಷಕ. ಲಸಿಕೆ ಚುಚ್ಚುವುದು, ಹೊಟ್ಟೆ ಉಬ್ಬರಿಸಿದರೆ ಔಷಧಿ ಕುಡಿಸುವುದು, ಕರು ಅಡ್ಡ ಸಿಕ್ಕಿಕೊಂಡರೆ ತೋಳು ಮಡಿಚಿ ಎಳೆಯುವುದು, ಇಷ್ಟು ನನ್ನ ಉದ್ಯೋಗ. ಮೊದಮೊದಲು ತಿದ್ದುತ್ತಿದ್ದೆ, ಡಾಕ್ಟರು ಬೇರೆ ಇದ್ದಾರೆ, ನಾನಲ್ಲ ಎಂದು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನಾನೂ ಬಿಟ್ಟೆ. ತಪ್ಪು ಹೆಸರು ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ ಎಂಬುದು ನನಗೆ ಆಗಲೇ ತಿಳಿದಿರಬೇಕಿತ್ತು. ತಿಳಿದಿರಲಿಲ್ಲ.

ಈ ಕೆಲಸದಲ್ಲಿ ಔಷಧಿಗಿಂತ ಮೊದಲು ಬೇಕಾದದ್ದು ದಾರಿ. ನಮ್ಮ ಕಡೆ ಊರೆಂದರೆ ನಾಲ್ಕು ಗುಡ್ಡಕ್ಕೆ ಚದುರಿದ ಹದಿನೈದು ಮನೆ. ಊರ ಹೆಸರು ಗೊತ್ತಿದ್ದರೆ ಊರು ಸಿಗುತ್ತದೆ, ಮನೆ ಸಿಗುವುದಿಲ್ಲ. ಫೋನು ಮಾಡಿದವರು ಹೇಳುವುದು ಹೀಗೆ: ಉಪ್ಪಿನ ಏರು ಹತ್ತಿ, ಮಜ್ಜಿಗೆ ಕಟ್ಟೆ ಹತ್ತಿರ ಎಡಕ್ಕೆ ಹೊರಳಿ, ಕೋಪದ ಹಕ್ಕಲು ದಾಟಿದ ಕೂಡಲೇ ಕೆಳಗೆ ನೋಡಿ, ನಮ್ಮ ಕೊಟ್ಟಿಗೆ ಕಾಣುತ್ತದೆ. ಇದನ್ನೆಲ್ಲ ನಾನು ಅಂಗಿಯ ಜೇಬಿನ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಇಂಥ ಹೆಸರು ಸರ್ಕಾರದ ಯಾವ ನಕಾಶೆಯಲ್ಲೂ ಇರುವುದಿಲ್ಲ.

ದಾರಿಗಾಗಿ ಬರೆದದ್ದು ನಿಧಾನಕ್ಕೆ ಚಟವಾಯಿತು. ಕರು ಹಾಕುವ ಹಸುವಿಗೆ ಅವಸರ ಇರುವುದಿಲ್ಲ. ಅದರ ಪಕ್ಕ ಕೂತು ಕಾಯುವ ಮನುಷ್ಯ ಏನಾದರೂ ಮಾತಾಡಲೇಬೇಕು. "ಇದಕ್ಕೆ ಉಪ್ಪಿನ ಏರು ಅಂತ ಯಾಕೆ ಹೆಸರು?" ಎಂದು ಒಂದು ಮಾತು ಎಸೆದರೆ ಸಾಕು, ಕರು ಹೊರಗೆ ಬರುವ ತನಕ ಕತೆ ನಡೆಯುತ್ತಿತ್ತು.

ಇಡಗುಂದಿ ಕಡೆಯ ಉಪ್ಪಿನ ಏರಿನ ಕತೆ ಇದು. ಹಿಂದೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ವ್ಯಾಪಾರಿಯೊಬ್ಬ ಬಾಯಾರಿದವನಿಗೆ ನೀರು ಕೊಡಲಿಲ್ಲವಂತೆ. ಬಿಸಿಲು ಇದ್ದ ಹಾಗೇ ಮಳೆ ಸುರಿದು, ಏರು ಮುಗಿಯುವುದರೊಳಗೆ ಗೋಣಿ ಖಾಲಿ. ಇವತ್ತಿಗೂ ಅಲ್ಲಿಯ ಕಲ್ಲನ್ನು ದನಗಳು ನೆಕ್ಕುತ್ತವೆ ಎಂದು ಹತ್ತು ಜನ ನನಗೆ ಹೇಳಿದ್ದಾರೆ. ನಾನೂ ನಿಂತು ನೋಡಿದ್ದೇನೆ. ನೆಕ್ಕುವುದು ನಿಜ. ಆದರೆ ಮೈಯಲ್ಲಿ ಉಪ್ಪು ಕಡಿಮೆಯಾದ ದನ ಮಣ್ಣಿನ ಗೋಡೆಯನ್ನೂ ನೆಕ್ಕುತ್ತದೆ, ಬೆವರಿದ ನನ್ನ ಅಂಗಿಯನ್ನೂ ನೆಕ್ಕುತ್ತದೆ. ಇದನ್ನು ಹೇಳಿದರೆ ಕತೆ ಹೇಳಿದವರ ಮುಖ ಸಣ್ಣದಾಗುತ್ತದೆಂದು ಸುಮ್ಮನೆ ಬರೆದುಕೊಂಡೆ.

ನಂದೊಳ್ಳಿ ಹತ್ತಿರದ ಕೋಪದ ಹಕ್ಕಲು ಇಬ್ಬರು ಅಣ್ಣತಮ್ಮಂದಿರು ಹಿಸ್ಸೆಯಲ್ಲಿ ಜಗಳಾಡಿ ಯಾರಿಗೂ ಬೇಡವೆಂದು ಬಿಟ್ಟ ಜಾಗವಂತೆ. ಒಂದು ಮನೆಯವರು ಹಾಗೆಂದರು. ಪಕ್ಕದ ಮನೆಯವರು, ಜಗಳ ಅಣ್ಣತಮ್ಮಂದಿರದ್ದಲ್ಲ, ಓರಗಿತ್ತಿಯರದ್ದು, ಅದೂ ಒಂದು ಹಲಸಿನ ಮರದ ಸಲುವಾಗಿ ಎಂದರು. ಇಬ್ಬರೂ ದೇವರ ಮೇಲೆ ಆಣೆ ಹಾಕಿದರು. ಬನವಾಸಿ ಆಚೆಯ ಬಯಲಿಗೆ ಹೋದರೆ ಮಾತ್ರ ಈ ರಗಳೆ ಕಡಿಮೆ. ಅಲ್ಲಿ ಒಬ್ಬ ರೈತ, "ಬರ್ರಿ ಸಾಹೇಬ್ರ, ಕುಂದರ್ರಿ. ಹೆಸರು ಏನರ ಇರ್ಲಿ, ಹೊಲ ಹೊಲಾನ ಐತಿ" ಎಂದು ನನ್ನ ಡೈರಿಯನ್ನು ಮುಚ್ಚಿಸಿ ಚಹಾ ಕುಡಿಸಿ ಕಳಿಸಿದ.

ಇಷ್ಟು ವರ್ಷ ಕೇಳಿ ನನಗೆ ಅನಿಸಿದ್ದೆಂದರೆ, ಹೆಸರು ಮೊದಲು ಬರುತ್ತದೆ, ಕತೆ ಆಮೇಲೆ. ಯಾವುದೋ ಕಾರಣಕ್ಕೆ ಬಿದ್ದ ಹೆಸರಿನ ಕಾರಣ ಮರೆತುಹೋಗುತ್ತದೆ. ಖಾಲಿ ಬಿಟ್ಟ ಕೊಟ್ಟಿಗೆಗೆ ಯಾರದೋ ದನ ಬಂದು ಮಲಗಿದ ಹಾಗೆ ಆ ಜಾಗಕ್ಕೆ ಒಂದು ಕತೆ ಬಂದು ಕೂರುತ್ತದೆ. ಇದನ್ನು ನಾನು ಬಹಳ ಜನರ ಹತ್ತಿರ ಬಹಳ ಗಂಭೀರವಾಗಿ ಹೇಳಿದ್ದೇನೆ. ಅಂಥ ಒಂದು ಕತೆಯನ್ನು ಕಟ್ಟಿ ಕೂರಿಸಿದವನು ನಾನೇ ಆಗುತ್ತೇನೆಂದು ಮಾತ್ರ ಎಣಿಸಿರಲಿಲ್ಲ.

ಮನ್ಮನೆಯಿಂದ ಒಳಗೆ ಹೋದರೆ ಒಂದು ಹಳ್ಳ, ಹಳ್ಳ ದಾಟಿದರೆ ಐದು ಮನೆಯ ಒಂದು ಕೇರಿ. ಹಳ್ಳಕ್ಕೆ ಒಂದು ಸಂಕ. ಹೊರಗಿನವರಿಗೆ ಹೇಳುವುದಾದರೆ, ಮಳೆಗಾಲದಲ್ಲಿ ಹಳ್ಳ ದಾಟಲು ಹಾಕುವ ಕಾಲುಸೇತುವೆಗೆ ನಾವು ಸಂಕ ಅನ್ನುತ್ತೇವೆ. ಎರಡು ಉದ್ದನೆಯ ಮರ, ಅವುಗಳ ಮೇಲೆ ಅಡ್ಡಕ್ಕೆ ಅಡಿಕೆ ಮರ ಸೀಳಿದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆ ಹಿಡಿಯುವ ಮುಂಚೆ ಹಾಕಬೇಕು, ಮಳೆ ಬಿಟ್ಟ ಮೇಲೆ ತೆಗೆದಿಡಬೇಕು. ನಾನು ಹೋಗುವ ಹೊತ್ತಿಗೆ ಅಲ್ಲಿ ಸಿಮೆಂಟಿನ ಸಂಕ ಬಂದು ವರ್ಷಗಳೇ ಆಗಿದ್ದವು.

ಅಲ್ಲಿಯ ಒಂದು ಎಮ್ಮೆ ಕರು ಹಾಕಿ ಗರ್ಭದ ಮಾಸು ಬೀಳದೆ ಒದ್ದಾಡುತ್ತಿತ್ತು. ಕೆಲಸ ಮುಗಿಸಿ ಅಂಗಳದಲ್ಲಿ ಕೈ ತೊಳೆಯಲು ನಿಂತೆ. ಮನೆಯ ಅಜ್ಜಿ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಳು. ಎಪ್ಪತ್ತು ದಾಟಿದ ಸಣ್ಣ ಮೈಯ ಹೆಂಗಸು. ಮಕ್ಕಳಿಲ್ಲ, ಗಂಡ ಇಲ್ಲ, ತೀರಿಹೋದ ಮೈದುನನ ಮಗನ ಸಂಸಾರದ ಜೊತೆ ಇದ್ದಳು. ಚಟದಂತೆ ನಾನು ಕೇಳಿದೆ.

"ಅಜ್ಜಿ, ಈ ಸಂಕಕ್ಕೆ ಎಂತ ಹೆಸರು?"

"ಸಂಕಕ್ಕೆ ಎಂತಾ ಹೆಸ್ರು, ಸಂಕ ಅಷ್ಟೇಯ."

"ಆಚೆ ದಡದಲ್ಲಿ ಮೊದಲು ಇದ್ದವರು ಯಾರದೋ ಸಂಕ ಅಂತಿದ್ದರಂತಲ್ಲ?"

ನೀರು ಹೊಯ್ಯುತ್ತಿದ್ದ ಕೈ ನಿಂತಿತು. ಸೆರಗನ್ನು ಬಾಯಿಗೆ ಅಡ್ಡ ತಂದಳು. "ಅವ್ರ ಸಂಕ ಅಂತಿದ್ರು" ಅಂದಳು, ದನಿ ತಗ್ಗಿಸಿ.

"ಯಾರದ್ದು?"

"ಹೆಸ್ರು ಹೇಳೂಕಾಗ." ಹಳ್ಳದ ಆಚೆಯ ಕಾಡಿನ ಕಡೆ ನೋಡಿದಳು. "ಮಳೆಗಾಲಕ್ಕೆ ಮುಂಚೆ ಒಂದೇ ದಿನದಲ್ಲಿ ಹಾಕ್ತಿದ್ರು. ಬೇರೆಯವ್ರು ಕೈ ಹಚ್ಚೂಕಿಲ್ಲ."

"ಈಗ ಇದ್ದಾರಾ ಅವರು?"

"ಎಲ್ಲಿಗೆ ಹೋಗ್ತಾರೆ. ಇಲ್ಲೇ ಇದಾರೆ" ಎಂದು ಒಂದು ಕ್ಷಣ ಕಣ್ಣು ಮುಚ್ಚಿ, ಮತ್ತೆ ನೀರು ಹೊಯ್ದಳು.

ನನ್ನ ಮೈ ಜುಮ್ಮೆಂದಿತು. ನಮ್ಮಲ್ಲಿ ಹೆಸರು ಹೇಳಬಾರದವರ ಪಟ್ಟಿ ದೊಡ್ಡದು. ಕಾಡಿನಲ್ಲಿ ನಿಂತು ಹುಲಿ ಅನ್ನುವುದಿಲ್ಲ, ದೊಡ್ಡದು ಅನ್ನುತ್ತಾರೆ. ಮುಸ್ಸಂಜೆಯ ನಂತರ ಹಾವು ಹುಳವಾಗುತ್ತದೆ. ಹಳ್ಳದ ದಡ ಕಾಯುವ ಉಗ್ರದೇವತೆ ಚೌಡಿಯನ್ನು ಚೌಡಿ ಎಂದು ಕರೆಯದೆ ಅವರು ಎಂದು ಬಹುವಚನದಲ್ಲೇ ಸುಧಾರಿಸುವ ಮನೆಗಳು ನನಗೆ ಗೊತ್ತಿದ್ದವು. ತಗ್ಗಿದ ದನಿ, ಬಾಯಿಗೆ ಸೆರಗು, ಕಾಡಿನ ಕಡೆ ನೋಟ, ಇನ್ನೇನು ಬೇಕು? ಸ್ಕೂಟರ್ ಹತ್ತುವ ಮೊದಲೇ ಡೈರಿ ತೆಗೆದು ಬರೆದೆ: ಚೌಡಿ ಸಂಕ. ಕೆಳಗೆ ಒಂದು ಗೆರೆಯನ್ನೂ ಎಳೆದೆ.

ನಾನು ನಿವೃತ್ತನಾದ ಮೇಲೆ, ಕೆಲವು ವರ್ಷಗಳ ಹಿಂದೆ, ಆ ಕಡೆಯ ಪಂಚಾಯ್ತಿಯವರು ಪ್ರತಿ ಕೇರಿಗೆ, ಹಳ್ಳಕ್ಕೆ, ತಿರುವಿಗೆ ಹೆಸರಿನ ಬೋರ್ಡು ಹಾಕಲು ಹೊರಟರು. ಹೆಸರು ಯಾರಿಗೆ ಗೊತ್ತು ಎಂದು ವಿಚಾರಿಸಿದಾಗ ಎಲ್ಲರೂ ನನ್ನ ಡೈರಿಯ ಕಡೆ ಬೆರಳು ತೋರಿಸಿದರಂತೆ. ಪಂಚಾಯ್ತಿಯ ಅಧಿಕಾರಿ ಪಿಡಿಓ ನನ್ನ ಮನೆಗೇ ಬಂದರು. ನಾನು ಉಬ್ಬಿದೆ. ಬರೀ ಹೆಸರು ಹಾಕಿದರೆ ಏನು ಚಂದ, ಕೆಳಗೆ ಒಂದು ಸಾಲು ಕತೆಯೂ ಇರಲಿ ಎಂದು ಸೂಚಿಸಿದವನು ನಾನೇ. ಸಂಕದ ಬೋರ್ಡಿಗೆ ಹೀಗೆ ಬರೆದುಕೊಟ್ಟೆ: "ಚೌಡಿ ಸಂಕ. ಮಳೆಗಾಲಕ್ಕೆ ಮೊದಲು ಚೌಡಮ್ಮ ತಾನೇ ಒಂದು ದಿನದಲ್ಲಿ ಇಲ್ಲಿ ಸಂಕ ಹಾಕುತ್ತಿದ್ದಳೆಂದು ಪ್ರತೀತಿ." ಪ್ರತೀತಿ ಎಂಬ ಮಾತು ನನಗೆ ಬಹಳ ಹಿಡಿಸಿತು. ಅದನ್ನು ಹಾಕಿದರೆ ಬರೆದವನ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ.

ಹಸಿರು ಬೋರ್ಡು, ಬಿಳಿ ಅಕ್ಷರ. ಹಾಕಿದ ಒಂದು ತಿಂಗಳಿಗೆ ಅದರ ಕಂಬದ ಬುಡದಲ್ಲಿ ನಿಂಬೆಹಣ್ಣು ಬಂತು. ಆಮೇಲೆ ಹಸಿರು ಬಳೆ, ಕುಂಕುಮ. ಊರಿನ ನಾಲ್ಕು ಯುವಕರು ಹಳ್ಳದಿಂದ ಒಂದು ಕಲ್ಲನ್ನು ಎತ್ತಿ ತಂದು ನಿಲ್ಲಿಸಿ ಕೆಂಪು ಬಟ್ಟೆ ಸುತ್ತಿದರು, ಒಂದು ಗಂಟೆಯನ್ನೂ ಕಟ್ಟಿದರು. ಇಲಿ ಹೋಯಿತೆಂದರೆ ಹುಲಿ ಹೋಯಿತು ಅನ್ನುವ ಜನ. ಒಬ್ಬರಿಗೆ ಬಳೆಯ ಸದ್ದು ಕೇಳಿತು, ಇನ್ನೊಬ್ಬರ ಹಸು ಸಂಕದ ಮೇಲೆ ಕಾಲಿಡಲು ಹಟ ಮಾಡಿತು. ಹಸು ಸಿಮೆಂಟಿನ ಮೇಲೆ ಕಾಲಿಡಲು ಹಟ ಮಾಡುವುದಕ್ಕೆ ಚೌಡಿ ಬೇಕಾಗಿಲ್ಲ, ಪಾಚಿ ಸಾಕು. ಆದರೆ ಕೇಳುವವರು ಯಾರು? ಕೇರಿಯ ಶಾಲೆಮಕ್ಕಳು ಸಂಕವನ್ನು ಕಣ್ಣು ಮುಚ್ಚಿ ಓಡಿ ದಾಟತೊಡಗಿದವು. ಕೆಲವು ತಾಯಂದಿರು ಮಕ್ಕಳನ್ನು ಮೇಲಿನ ರಸ್ತೆಯ ಮೇಲೆ ಸುತ್ತಿ ಕಳಿಸಿದರು. ಯಾರೋ ಪುಣ್ಯಾತ್ಮರು ಫೋನಿನ ನಕಾಶೆಗೂ ಆ ಹೆಸರು ಸೇರಿಸಿದರು. ಇದೆಲ್ಲ ಕೇಳಿದಾಗ ನನಗೆ ಬೇಸರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಡೈರಿಗೆ ಇಷ್ಟು ಶಕ್ತಿ ಇದೆಯಲ್ಲ ಎಂದು ಒಳಗೊಳಗೆ ಖುಷಿಯೇ ಆಗಿತ್ತು.

ನಿವೃತ್ತನಾದರೂ ಜನ ಕರೆಯುವುದನ್ನು ಬಿಟ್ಟಿರಲಿಲ್ಲ. ಅದೇ ಕೇರಿಯ ಇನ್ನೊಂದು ಮನೆಯ ಹಸುವನ್ನು ನೋಡಲು ಹೋದಾಗ ಅಜ್ಜಿ ಬೋರ್ಡಿನ ಮುಂದೆ ನಿಂತಿದ್ದಳು. ಹುಲ್ಲಿನ ಹೊರೆ ಇನ್ನೂ ತಲೆಯ ಮೇಲೇ ಇತ್ತು.

"ಡಾಕ್ಟ್ರೆ, ಎಂತ ಬರ್ದಿದ್ದು ಇದ್ರಲ್ಲಿ? ನೀವೇ ಬರ್ಸಿದ್ದಂತೆ."

ನಾನು ಸ್ಕೂಟರ್ ನಿಲ್ಲಿಸಿ ಗಟ್ಟಿಯಾಗಿ ಓದಿದೆ, ಪ್ರತೀತಿಯವರೆಗೂ. ಆಕೆ ಹೊರೆಯನ್ನು ಕೆಳಗಿಳಿಸಿದಳು.

"ನಾನು ನಿಮ್ಗೆ ಚೌಡಿ ಅಂದಿದ್ನ?"

"ಹೆಸರು ಹೇಳಬಾರದು ಅಂದಿದ್ದೆಯಲ್ಲ ಅಜ್ಜಿ, ಅದಕ್ಕೇ..."

ಆಕೆ ನನ್ನನ್ನು ನೋಡಿದಳು. ಹೊರೆಯನ್ನು ತಾನೇ ಎತ್ತಿ ತಲೆಗಿಟ್ಟುಕೊಂಡು ಸಂಕ ದಾಟಿ ಹೋದಳು. ಆ ಕೇರಿಯಲ್ಲಿ ಅಷ್ಟು ವರ್ಷದಲ್ಲಿ ಮೊದಲ ಸಲ, ಬನ್ನಿ ಆಸ್ರಿಗೆ ಕುಡೀರಿ ಎಂಬ ಉಪಚಾರದ ಮಾತು ನನಗೆ ಸಿಗಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ, ಆ ಅಜ್ಜಿಗೆ ಚೌಡಿಯ ಭಯ ಬಹಳ, ಬೋರ್ಡು ಹಾಕಿದ್ದಕ್ಕೇ ಸಿಟ್ಟಾಗಿದ್ದಾಳೆ ಎಂದು. ಅವಳು ಹುಳಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಅದ್ರ ಗಂಡನ ಹೆಸ್ರು ಎಂತ ಹೇಳಿ ಕೇಳಿದ್ರಾ?"

"ಅದನ್ನು ಯಾಕೆ ಕೇಳಬೇಕು?"

"ಮದ್ವೆ ಆಗಿ ಮೂವತ್ತೈದು ವರ್ಷ ಆತು. ಆನು ಒಂದಿನನಾದ್ರೂ ನಿಮ್ಮ ಹೆಸ್ರು ಹೇಳಿದ್ದು ಕೇಳಿದ್ರಾ?"

"ಇಲ್ಲ."

"ಹಂಗಾರೆ ನಿಮ್ಗೂ ಭೂತ ಹೇಳಿ ಒಂದು ಬೋರ್ಡ್ ಹಾಕ್ಲಕ್ಕನ?"

ಬಾವಿಗೆ ಬಿದ್ದ ಮೇಲೆ ಆಳ ನೋಡಿದ ಹಾಗಾಯಿತು. ನನ್ನ ಹೆಂಡತಿ ಬ್ಯಾಂಕಿನ ಕಾಗದದಲ್ಲಿ ನನ್ನ ಹೆಸರು ಬರೆಯುತ್ತಾಳೆ, ಬಾಯಲ್ಲಿ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರ ಕಡೆ ತಿರುಗಿ, ನೀವು ಹೇಳಿ ಅನ್ನುತ್ತಾಳೆ. ದಿನಾ ನನ್ನ ಮನೆಯಲ್ಲೇ ನಡೆಯುವ ಪದ್ಧತಿ ಇದು. ಇಡೀ ತಾಲೂಕಿನ ಜಾನಪದ ಬಲ್ಲವನಂತೆ ಓಡಾಡಿದ ನನಗೆ ಆ ಅಜ್ಜಿಯ ಸೆರಗಿನ ಅರ್ಥ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಹೋದೆ. ಅಜ್ಜಿ ಅಂಗಳದಲ್ಲಿ ಕೂತು ತೆಂಗಿನ ಗರಿ ಸೀಳಿ ಹಿಡಿಕಡ್ಡಿ ತೆಗೆಯುತ್ತಿದ್ದಳು. ನಾನು ಜಗಲಿಯಲ್ಲಿ ಕೂತೆ. "ಅಜ್ಜಿ, ತಪ್ಪಾಯಿತು. ಅವರ ಹೆಸರು ತಿಳಿಯಬೇಕಿತ್ತು" ಅಂದೆ. ಆಕೆ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಹಳೆಯ ರೇಷನ್ ಕಾರ್ಡು ತಂದು ಕೊಟ್ಟಳು. ಎರಡೇ ಹೆಸರು. ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು. ಓದು ಬಾರದಿದ್ದರೂ ಆ ಸಾಲು ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ನಾನು ಮನಸ್ಸಿನಲ್ಲೇ ಓದಿಕೊಂಡೆ.

ಮೂವತ್ತಕ್ಕೂ ಹೆಚ್ಚು ಮಳೆಗಾಲ ಆತ ಅಲ್ಲಿ ಸಂಕ ಹಾಕಿದ್ದ. ಯಾರೂ ಹೇಳಿದ್ದಲ್ಲ. ಶಾಲೆ ಹಳ್ಳದ ಆಚೆ, ಮಕ್ಕಳೆಲ್ಲ ಈಚೆ. ತಮಗೆ ಮಕ್ಕಳಿಲ್ಲದಿದ್ದರೂ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಒಂದು ದಿನ ಗದ್ದೆ ಕೆಲಸ ಬಿಟ್ಟು, ಬೆಳಗಿಂದ ಸಂಜೆಯೊಳಗೆ ಒಬ್ಬನೇ ಮುಗಿಸುತ್ತಿದ್ದನಂತೆ. ಬೇರೆಯವರು ಕಟ್ಟಿದ ಗಂಟಿನ ಮೇಲೆ ಆತನಿಗೆ ನಂಬಿಕೆ ಇರಲಿಲ್ಲ. ಮೇಲೆ ತಾನೇ ಎರಡು ಸಲ ಕುಣಿದು ನೋಡಿ ಆಮೇಲೆ ಮಕ್ಕಳನ್ನು ಬಿಡುತ್ತಿದ್ದನಂತೆ. ಆಚೆ ದಡದವರು ಅದನ್ನು ಆತನ ಹೆಸರಿನ ಸಂಕ ಎಂದೇ ಕರೆಯುತ್ತಿದ್ದರು. ಸಿಮೆಂಟಿನದು ಬಂದ ವರ್ಷವೇ ಆತ ತೀರಿಕೊಂಡ. ಆಚೆ ದಡದ ಮನೆಗಳು ಒಂದೊಂದಾಗಿ ರಸ್ತೆ ಬದಿಗೆ, ಪೇಟೆಗೆ ಹೋದವು. ಈಚೆಯ ಕೇರಿಗೆ ಇರುವುದೇ ಒಂದು ಸಂಕ, ಅದಕ್ಕೆ ಹೆಸರಿನ ಅಗತ್ಯ ಇರಲಿಲ್ಲ. ಸಂಸಾರದ ಮಕ್ಕಳೆಲ್ಲ ಅಜ್ಜಿಯ ಬಾಯಿಂದ ಸಂಕ ಎಂದಷ್ಟೇ ಕಲಿತವು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ಕಾಪಾಡಬೇಕಾಗಿದ್ದವಳೇ ಅದನ್ನು ಬಾಯಿಗೆ ತರುವಂತಿರಲಿಲ್ಲ.

"ಆಚೆ ದಡದವ್ರು ಕರೀವಾಗ ನಾ ಕೇಳ್ತಿದ್ದೆ" ಅಂದಳು. "ಹೇಳೂಕಾಗ್ದಿದ್ರೂ ಕೇಳೂಕೆ ಅಡ್ಡಿಲ್ವಲ. ಒಂದು ಫೋಟೊ ಇಲ್ಲ, ಹೊಟ್ಟೇಲಿ ಹುಟ್ಟಿದ್ದು ಒಂದಿಲ್ಲ. ಅವ್ರದ್ದು ಅಂತ ಉಳ್ದಿದ್ದು ಅದೊಂದು ಹೆಸ್ರು. ಅದ್ನ ನೀವು ಚೌಡಿಗೆ ಕೊಟ್ರಿ."

ಸರಿ ಮಾಡಿಸುತ್ತೇನೆ ಅಂದೆ. "ಮಕ್ಳು ಹೆದ್ರಿ ಸುತ್ತಿ ಹೋಗ್ತವೆ ಡಾಕ್ಟ್ರೆ. ಅವ್ರು ಇದ್ದಿದ್ರೆ ಬೈತಿದ್ರು" ಎಂದು ಮತ್ತೆ ಗರಿ ಸೀಳತೊಡಗಿದಳು.

ಪಿಡಿಓ ಒಳ್ಳೆಯ ಮನುಷ್ಯ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಪೈಕಿ. ಬೋರ್ಡು ಬದಲಾಯಿಸಲು ಗ್ರಾಮಸಭೆಯ ಒಪ್ಪಿಗೆ ಬೇಕೆಂದರು. ಗ್ರಾಮಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ, ಬೆಳಗಿನ ಹೊತ್ತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಗೋಡೆ ಬದಿ ಚಾಪೆಯ ಮೇಲೆ. ನೀರಿನ ಪೈಪು, ಬೀದಿದೀಪ, ಮಂಗಗಳ ಕಾಟ ಎಲ್ಲ ಮುಗಿದ ಮೇಲೆ ನನ್ನ ಅರ್ಜಿ ಬಂತು. ನಾನು ಎದ್ದು, ಆ ಸಂಕಕ್ಕೆ ಚೌಡಿಯ ಹೆಸರಲ್ಲ, ಅದನ್ನು ಹಾಕುತ್ತಿದ್ದ ಮನುಷ್ಯನ ಹೆಸರು ಇತ್ತು, ನಾನು ತಪ್ಪು ತಿಳಿದೆ ಎಂದು ವಿವರಿಸಿದೆ.

ಕಲ್ಲು ನಿಲ್ಲಿಸಿದ ಯುವಕರಲ್ಲಿ ಒಬ್ಬ ಎದ್ದ. ಮರ್ಯಾದೆಯಿಂದಲೇ ಮಾತಾಡಿದ. "ಸರ್, ಚೌಡಿ ಅಂತ ಹೇಳಿದ್ದೂ ನೀವೇ. ಈಗ ಅಲ್ಲ ಅಂತ ಹೇಳೋದೂ ನೀವೇ. ನಾಳೆ ಇನ್ನೊಂದು ಹೇಳಿದ್ರೆ ಮತ್ತೆ ಬೋರ್ಡ್ ಬದಲು ಮಾಡೋದಾ? ನಾವು ಅಲ್ಲಿ ಪೂಜೆ ಶುರು ಮಾಡಿ ಆಗಿದೆ."

ನಾನು ರೇಷನ್ ಕಾರ್ಡು ತೋರಿಸಿದೆ. "ಇದು ಮನುಷ್ಯನ ಹೆಸ್ರು ಸರ್, ಸಂಕದ್ದಲ್ಲ. ಸಂಕಕ್ಕೆ ಆ ಹೆಸ್ರು ಇತ್ತು ಅಂತ ಕೇಳಿದವ್ರು ಯಾರಾದ್ರೂ ಇದ್ದಾರಾ ಇಲ್ಲಿ?" ಅಂದ. ನ್ಯಾಯದ ಮಾತೇ. ಯಾರೂ ಎದ್ದೇಳಲಿಲ್ಲ. ಕೇಳಿದವರಲ್ಲಿ ಆ ಕೋಣೆಯೊಳಗಿದ್ದವಳು ಚಾಪೆಯ ಮೇಲೆ ಕೂತಿದ್ದ ಅಜ್ಜಿ ಒಬ್ಬಳೇ.

ಪಿಡಿಓ ಅವಳ ಕಡೆ ತಿರುಗಿದರು. "ಅಜ್ಜಿ, ನೀವೇ ಒಂದು ಮಾತು ಹೇಳ್ಬಿಡಿ. ಸಂಕಕ್ಕೆ ಏನಂತಿದ್ರು? ಬಾಯಲ್ಲಿ ಹೇಳಿದ್ರೆ ಸಾಕು, ನಡಾವಳಿಯಲ್ಲಿ ಬರ್ಕೊಳ್ತೇನೆ."

ಅಜ್ಜಿ ಎದ್ದು ನಿಂತಳು. ನಿಂತೇ ಇದ್ದಳು. ಬಾಯಿ ಒಂದೆರಡು ಸಲ ಅಲುಗಿತು. ಬೆಂಚಿನ ಮೇಲೆ ಯಾರೋ ಗಡಿಯಾರ ನೋಡಿಕೊಂಡರು. ನನಗೆ ಅಲ್ಲಿ ಕೂತಿರುವುದು ಹಿಂಸೆಯಾಯಿತು. ಇಷ್ಟಕ್ಕೆಲ್ಲ ಕಾರಣ ನಾನು, ಈಗ ಆ ಒಂದು ಹೆಸರನ್ನು ನಾನು ಹೇಳಿದರೆ ಬೆಲೆಯಿಲ್ಲ.

ಆಮೇಲೆ ಅಜ್ಜಿ ನಡೆದಳು. ಹೊರಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಬಾಗಿಲ ತನಕ ಹೋಗಿ, ಹೊಸ್ತಿಲ ಆಚೆ ನಿಂತು, ನಮ್ಮ ಕಡೆ ತಿರುಗಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಗಂಡಸರಿಗೆ ಏನೂ ತಿಳಿಯಲಿಲ್ಲ. ಚಾಪೆಯ ಮೇಲಿನ ಹೆಂಗಸರಿಗೆ ಮೊದಲು ತಿಳಿಯಿತು. ಗುಜುಗುಜು ನಿಂತಿತು.

ಮದುವೆಯಾಗಿ ಗಂಡನ ಮನೆಗೆ ಬಂದ ಹುಡುಗಿಯನ್ನು ನಮ್ಮಲ್ಲಿ ಹೊಸ್ತಿಲಲ್ಲೇ ತಡೆದು ನಿಲ್ಲಿಸುತ್ತಾರೆ. ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ. ಸುಮ್ಮನೆ ಹೇಳುವಂತಿಲ್ಲ, ಪ್ರಾಸದ ಸಾಲುಗಳ ಒಡಪು ಕಟ್ಟಿ ಅದರ ಕೊನೆಯಲ್ಲಿ ಹೇಳಬೇಕು. ಹೆಂಡತಿಯ ಬಾಯಿಂದ ಗಂಡನ ಹೆಸರು ಬರಲು ಇರುವ ಒಂದೇ ಬಾಗಿಲು ಅದು. ಗಂಡ ಹೋದ ಮೇಲೆ ಆ ಬಾಗಿಲೂ ಮುಚ್ಚಿದಂತೆಯೇ. ಒಡಪು ಮುತ್ತೈದೆಯರ ಮಾತು. ಮುದುಕಿಯೊಬ್ಬಳು "ಅಯ್ಯಯ್ಯೋ" ಎಂದು ಬಾಯಿಗೆ ಕೈ ಹಚ್ಚಿದಳು. ಅಜ್ಜಿ ಅವಳ ಕಡೆ ನೋಡಲಿಲ್ಲ. ನೆಲ ನೋಡುತ್ತ, ಮದುಮಗಳ ದನಿಯಲ್ಲಿ ಅಲ್ಲ, ಹಳ್ಳದ ಆಚೆಯವರಿಗೆ ಕೇಳಬೇಕು ಅನ್ನುವಷ್ಟು ಗಟ್ಟಿಯಾಗಿ ಹೇಳಿದಳು:

"ಮಿರ್ಗದ ಮಳೆಗೆ ಹಳ್ಳ ಬಂತು, ಸಾಲೆ ಮಕ್ಳ ಕಾಲು ನಿಂತು,
ಎರಡು ಮರಕ್ಕೆ ಬಳ್ಳಿ ಬಿಗಿದು ದಾಟಿ ಹೋಗಿ ಅಂದವ್ರು,
ಚೌಡಿಯಲ್ಲ, ಭೂತ ಅಲ್ಲ, ನನ್ನ ಕೈ ಹಿಡಿದವ್ರು..."

ಮತ್ತು ಹೆಸರು ಹೇಳಿದಳು. ಹೆಸರಿನ ಹಿಂದೆಯೇ ಸಂಕ ಎಂಬ ಮಾತನ್ನೂ ಸೇರಿಸಿ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಬೇಕಾದವರು ಹೋಗಿ ಬೋರ್ಡು ಓದಿಕೊಳ್ಳಬಹುದು.

ಆಮೇಲೆ ಹೆಂಗಸರ ಕಡೆಯಿಂದ ನಗು, ಚಪ್ಪಾಳೆ. ಅಯ್ಯಯ್ಯೋ ಅಂದಿದ್ದ ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಿಡಿಓ ಪೆನ್ನು ಹಿಡಿದು, "ಅಜ್ಜಿ, ಬರ್ಕೊಳ್ಳೋಕೆ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅಂದರು. ಚಾಪೆಯ ಮೇಲಿನ ಎಲ್ಲ ಹೆಂಗಸರೂ ಒಟ್ಟಿಗೆ ಅವರ ಮೇಲೆ ಬಿದ್ದರು, ಅದನ್ನು ಎರಡನೇ ಸಲ ಕೇಳುವುದುಂಟೇ ಎಂದು. ಕೊನೆಗೆ ಆ ಯುವಕನೇ ಹೆಸರು ಹೇಳಿ ಬರೆಸಿದ. ಅಜ್ಜಿ ಇನ್ನೂ ಹೊಸ್ತಿಲ ಆಚೆಯೇ ನಿಂತಿದ್ದಳು. ಪಂಚಾಯ್ತಿಯ ಅಧ್ಯಕ್ಷೆ ಎದ್ದು ಹೋಗಿ, "ಬಾ ಅಮ್ಮ, ಒಳಗೆ ಬಾ" ಎಂದು ಕೈ ಹಿಡಿದು ಕರೆತಂದಳು.

ಬೋರ್ಡು ಬದಲಾಯಿತು. ಕೆಳಗಿನ ಸಾಲನ್ನು ಈ ಸಲ ನಾನು ಬರೆದುಕೊಡಲಿಲ್ಲ, ಪಿಡಿಓ ಅವರೇ ಬರೆಸಿದರು. ಪ್ರತೀತಿ ಎಂಬ ಮಾತು ಅದರಲ್ಲಿ ಇಲ್ಲ. ಕೆಂಪು ಬಟ್ಟೆಯ ಕಲ್ಲನ್ನು ಎತ್ತಿ ಬಿಸಾಡಲು ಮಾತ್ರ ಯಾರಿಗೂ ಧೈರ್ಯ ಬರಲಿಲ್ಲ. ತಿರುವಿನ ಮತ್ತಿ ಮರದ ಬುಡಕ್ಕೆ ಒಯ್ದು ಇಟ್ಟರು. ಅಜ್ಜಿ ಹಬ್ಬಕ್ಕೆ ಅದಕ್ಕೂ ಒಂದು ಹೂವು ಇಡುತ್ತಾಳೆ. "ಅವಳ್ದೆಂತ ತಪ್ಪು, ಕರ್ದು ಕೂರ್ಸಿದ್ದು ನೀವು. ಈಗ ಎಲ್ಲಿಗೆ ಹೋಗ್ತಾಳೆ ಪಾಪ" ಎಂದು ನನಗೇ ಹೇಳಿದಳು. ಫೋನಿನ ನಕಾಶೆಯಲ್ಲಿ ಇನ್ನೂ ಚೌಡಿ ಸಂಕವೇ ಇದೆ. ಮಕ್ಕಳಲ್ಲಿ ಅರ್ಧ ಹೊಸ ಹೆಸರು ಹೇಳುತ್ತವೆ, ಅರ್ಧ ಚೌಡಿ ಅನ್ನುತ್ತವೆ. ಎಲ್ಲವೂ ಸಂಕದ ಮೇಲೆಯೇ ಶಾಲೆಗೆ ಹೋಗುತ್ತವೆ.

ಈ ಮಳೆಗಾಲದ ಮುಂಚೆ ಹೋಗಿದ್ದೆ. ಅಜ್ಜಿ ಸಂಕದ ಕಟ್ಟೆಯ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಎಮ್ಮೆ, ಮಳೆ, ಮೊಣಕಾಲು ನೋವು ಎಲ್ಲ ಮಾತಾಡಿಯಾಯಿತು. ಹಳ್ಳದ ಆಚೆ ದೂರದಲ್ಲಿ ದನದ ಗಂಟೆ ಕೇಳಿದಾಗ, "ನಮ್ಮನೆ ಕೆಂಪಿ ಬಂತು" ಅಂದಳು. ನನಗೆ ಗಂಟೆ ಕೇಳಿತು, ಯಾರ ದನ ಎಂದು ಗೊತ್ತಾಗಲಿಲ್ಲ.

ನಾನು ಎದ್ದಾಗ ಕೇಳಿದಳು, "ಡಾಕ್ಟ್ರೆ, ಬೋರ್ಡಲ್ಲಿ ಎಂತ ಬರ್ದಿದ್ದು, ಒಂಚೂರು ಓದಿ."

ಓದಿದೆ. ಆಕೆ ನೀರಿನ ಕಡೆ ನೋಡುತ್ತಿದ್ದಳು.

"ಕಿವಿ ಸರೀ ಕೇಳ್ಸೂದಿಲ್ಲ ಈಗೀಗ" ಅಂದಳು. "ಇನ್ನೊಂದ್ಸಲ ಓದಿ."

ನಾನು ಇನ್ನೊಂದು ಸಲ, ಇನ್ನಷ್ಟು ಗಟ್ಟಿಯಾಗಿ ಓದಿದೆ.